ಬೇಸಿಗೆಯ ದೂರ ಸೈಕಲ್ ಸವಾರಿ: ನಿಲ್ಲಿಸುವ ತೀರ್ಮಾನ ಮನೆಯಲ್ಲೇ ಆಗಬೇಕು

ಬೆಂಗಳೂರು: ಏಪ್ರಿಲ್ ತಿಂಗಳ ಒಂದು ಭಾನುವಾರ. ಶಿರಾ ದಾಟಿ ಹಿರಿಯೂರಿನತ್ತ ಸಾಗುವ ಹೆದ್ದಾರಿ. ಮಧ್ಯಾಹ್ನ ಒಂದೂಕಾಲು ಗಂಟೆ. ಬೆಳಗಿನ ಐದಕ್ಕೆ ಬೆಂಗಳೂರು ಬಿಟ್ಟ ನಾವಿಬ್ಬರು ಆ ಹೊತ್ತಿಗೆ ಸುಮಾರು 140 ಕಿ.ಮೀ. ಸೈಕಲ್ ತುಳಿದಿದ್ದೆವು. ಸಂಜೆಯೊಳಗೆ ಚಿತ್ರದುರ್ಗ ತಲುಪಿ, ಕೋಟೆಯ ಮುಂದೆ ನಿಂತು ಒಂದು ಚಿತ್ರ ತೆಗೆಸಿಕೊಳ್ಳಬೇಕೆಂಬುದು ನಮ್ಮ ಗುರಿಯಾಗಿತ್ತು.

ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಿದ್ದ ಹಿರಿಯರೊಬ್ಬರ ಬಳಿ ಗೆಳೆಯ ಸೈಕಲ್ ನಿಲ್ಲಿಸಿದ. ಅವನ ಮುಂಗೈ ಮೇಲೆ ರೋಮಗಳು ನಿಮಿರಿ ನಿಂತಿದ್ದವು. 'ಯಾಕೋ ಚಳಿ ಆಗ್ತಿದೆ' ಎಂದ. ಮುಂದಿನ ಊರು ಯಾವುದು ಎಂದು ಕೇಳಿದರೆ 'ತುಮಕೂರು' ಎಂದ. ತುಮಕೂರಿನಲ್ಲಿ ನಾವು ತಿಂಡಿ ತಿಂದು ನಾಲ್ಕು ತಾಸು ಕಳೆದಿತ್ತು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ನಕ್ಕೆ. 'ಹಿರಿಯೂರು ಇನ್ನು 20 ಕಿಲೋಮೀಟರ್ ಅಷ್ಟೇ, ಅಲ್ಲೇ ಊಟ ಮಾಡೋಣ' ಎಂದು ಅವನು ಮತ್ತೆ ಸೈಕಲ್ ಏರಲು ಹೊರಟ. ನಾನೂ ಹೂಂ ಎಂದೆ. ಆ ಹಿರಿಯರು ಮಾತ್ರ ಎದ್ದು ಬಂದು ಹ್ಯಾಂಡಲ್ ಹಿಡಿದುಕೊಂಡರು. 'ಸೈಕಲ್ಲು ಎಲ್ಲೂ ಓಡಿ ಹೋಗಲ್ಲ ಸ್ವಾಮಿ, ಮೊದ್ಲು ಕೂತ್ಕೊಳ್ಳಿ' ಎಂದರು.

ಅವರ ಗರಿಯ ಚಪ್ಪರದಡಿ ಮೂರು ತಾಸು ಒದ್ದೆ ಟವೆಲ್ ಹೊದ್ದು ಮಲಗಿದ ಗೆಳೆಯ ಚೇತರಿಸಿಕೊಂಡ. ಆದರೆ ಎರಡು ದಿನ ಬಿಟ್ಟು ವಿಚಾರಿಸಿದಾಗ, ತಾನು ತುಮಕೂರು ಎಂದದ್ದಾಗಲಿ, ಮುಂದೆ ಹೋಗೋಣವೆಂದು ಹಟ ಹಿಡಿದದ್ದಾಗಲಿ ಅವನಿಗೆ ನೆನಪೇ ಇರಲಿಲ್ಲ. ಈ ಸಂಗತಿಯನ್ನು ಕೇಳಿದ ವೈದ್ಯರು, ಅಂತಹ ಸ್ಥಿತಿಯಲ್ಲಿ ತಡಮಾಡದೆ ಆಂಬುಲೆನ್ಸ್ ಕರೆಸಬೇಕಿತ್ತೆಂದು ನನ್ನನ್ನೇ ಗದರಿದರು.

ಬೇಸಿಗೆಯಲ್ಲಿ ದೂರ ಸವಾರಿ ಹೊರಡುವವರು ಟಯರು, ಬ್ರೇಕು, ನೀರಿನ ಬಾಟಲಿ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ದಾರಿಯಲ್ಲಿ ನೋಡಿಕೊಳ್ಳೋಣ ಎಂದು ಬಿಡುತ್ತಾರೆ. ಅಪಾಯವಿರುವುದು ಅಲ್ಲಿಯೇ. ಬಿಸಿಲು ಮೈಗೇರಿದಾಗ ಮೊದಲು ಕೈಕೊಡುವ ಅಂಗಗಳಲ್ಲಿ ತೀರ್ಮಾನ ಕೈಗೊಳ್ಳಬೇಕಾದ ಮಿದುಳೂ ಒಂದು. ಇದು ಹೇಗೆ ಸಂಭವಿಸುತ್ತದೆ, ಇದಕ್ಕೆ ಮೊದಲೇ ಏನು ಸಿದ್ಧತೆ ಮಾಡಿಕೊಳ್ಳಬಹುದು ಎಂಬುದರ ವಿವರ ಇಲ್ಲಿದೆ.

ದೇಹವೂ ಒಂದು ಒಲೆ

ಸೈಕಲ್ ತುಳಿಯುವಾಗ ನಾವು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಕೇವಲ ಶೇ. 20ರಿಂದ 25ರಷ್ಟು. ಉಳಿದದ್ದೆಲ್ಲ ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ.ಗಿಂತ ತುಸು ಹೆಚ್ಚು ವೇಗದಲ್ಲಿ ಸಾಗುವ ಸಾಮಾನ್ಯ ಸವಾರನ ದೇಹದಲ್ಲಿ ಸುಮಾರು 400 ವಾಟ್‌ನಷ್ಟು ಶಾಖ ಉತ್ಪತ್ತಿಯಾಗುತ್ತಿರುತ್ತದೆ. ಈ ಶಾಖ ಹೊರಹೋಗಲು ದಾರಿಯೇ ಇಲ್ಲವೆಂದು ಇಟ್ಟುಕೊಂಡರೆ, 70 ಕಿಲೋ ತೂಕದ ವ್ಯಕ್ತಿಯ ಮೈಬಿಸಿ ಹತ್ತು ನಿಮಿಷಕ್ಕೊಂದು ಡಿಗ್ರಿಯಂತೆ ಏರುತ್ತದೆ. 37 ಡಿಗ್ರಿಯಿಂದ ಅಪಾಯದ ಗಡಿಯಾದ 40 ಡಿಗ್ರಿಗೆ ಆಗ ಬೇಕಾಗುವುದು ಅರ್ಧ ಗಂಟೆ ಮಾತ್ರ.

ಹಾಗಾಗದಂತೆ ನಮ್ಮನ್ನು ಕಾಯುವುದು ಗಾಳಿ ಮತ್ತು ಬೆವರು. ಹೊರಗಿನ ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಶಾಖ ತಾನಾಗಿ ಗಾಳಿಗೆ ಹರಿಯುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗೆ 40 ಡಿಗ್ರಿ ಇದ್ದಾಗ ಈ ಹರಿವು ತಿರುಗಿ, ಗಾಳಿಯೇ ಮೈಯನ್ನು ಕಾಯಿಸತೊಡಗುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಡಾಂಬರು. ಹವಾಮಾನ ಇಲಾಖೆ ಹೇಳುವ ಉಷ್ಣಾಂಶ, ನೆರಳಿನ ಪೆಟ್ಟಿಗೆಯಲ್ಲಿ ನೆಲದಿಂದ ಮೇಲಕ್ಕೆ ಇಟ್ಟ ಮಾಪಕದ್ದು ಎಂಬುದನ್ನು ಮರೆಯಬಾರದು. ಪತ್ರಿಕೆಯಲ್ಲಿ 39 ಡಿಗ್ರಿ ಎಂದಿದ್ದ ದಿನ ಡಾಂಬರಿನ ಮೇಲ್ಮೈ 60 ಡಿಗ್ರಿಯ ಆಸುಪಾಸಿಗೆ ಹೋಗಿರಬಹುದು. ಸವಾರ ಸಾಗುವುದು ಆ ಡಾಂಬರಿನ ಮೇಲೆ.

ಇಂತಹ ಹೊತ್ತಿನಲ್ಲಿ ಉಳಿಯುವ ಆಸರೆ ಬೆವರು ಒಂದೇ. ಒಂದು ಲೀಟರ್ ಬೆವರು ಸಂಪೂರ್ಣ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆದರೆ ಬೆವರು ಆವಿಯಾಗಬೇಕು. ಮೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ನೀರನ್ನು ಕಳೆಯುತ್ತದೆಯೇ ಹೊರತು ಶಾಖವನ್ನು ಕಳೆಯುವುದಿಲ್ಲ.

ಕರಾವಳಿಯ ಸೆಕೆ, ಬಯಲುಸೀಮೆಯ ಬಿಸಿಲು

ಮಂಗಳೂರಿನ 35 ಡಿಗ್ರಿ ಕಲಬುರಗಿಯ 40 ಡಿಗ್ರಿಗಿಂತ ಏಕೆ ಕಾಡುತ್ತದೆ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಕರಾವಳಿಯ ಗಾಳಿಯಲ್ಲಿ ತೇವಾಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ. ಮೈಯೆಲ್ಲ ತೊಯ್ದರೂ ತಂಪಾಗುವುದಿಲ್ಲ. ಬಯಲುಸೀಮೆಯ ಕಷ್ಟ ಇನ್ನೊಂದು ಬಗೆಯದು. ಒಣಗಾಳಿಗೆ ಬೆವರು ಹುಟ್ಟಿದ ಕ್ಷಣವೇ ಆವಿಯಾಗಿ, ಸವಾರನಿಗೆ ತಾನು ಬೆವರುತ್ತಲೇ ಇಲ್ಲ ಎಂಬ ಭ್ರಮೆ ಹುಟ್ಟುತ್ತದೆ. ಅಂಗಿಯ ಬೆನ್ನಿನ ಮೇಲೆ ಮೂಡಿದ ಬಿಳಿಯ ಉಪ್ಪಿನ ಗೆರೆಗಳನ್ನು ನೋಡಿದ ಮೇಲೆಯೇ ಎಷ್ಟು ನೀರು ಹೋಗಿದೆ ಎಂಬುದು ಅರಿವಿಗೆ ಬರುತ್ತದೆ.

ಇದೇ ಕಾರಣಕ್ಕೆ ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿಯನ್ನು ಘೋಷಿಸಲು ಎರಡು ಅಳತೆಗೋಲು ಇಟ್ಟುಕೊಂಡಿದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮೇಲೆ ಈ ವಿಚಾರ ಪರಿಗಣನೆಗೆ ಬಂದರೆ, ಕರಾವಳಿಯಲ್ಲಿ 37 ಡಿಗ್ರಿಗೇ ಬರುತ್ತದೆ. ಎರಡೂ ಕಡೆ ಅದು ವಾಡಿಕೆಗಿಂತ ಕನಿಷ್ಠ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು.

ಬೆಂಗಳೂರಿಗರು ಗಮನಿಸಬೇಕಾದ ಮಾತೊಂದಿದೆ. ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಈ ನಗರದಲ್ಲಿ 2016ರ ಏಪ್ರಿಲ್ 24ರಂದು ದಾಖಲಾದ 39.2 ಡಿಗ್ರಿ ದೊಡ್ಡ ಸುದ್ದಿಯಾಗಿತ್ತು. ರಾಯಚೂರು, ಕಲಬುರಗಿಯವರಿಗೆ ಅದು ಬೇಸಿಗೆಯ ಮಾಮೂಲಿ ದಿನ. ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಬರಲು ಕಲಿಯುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ. ಶುಕ್ರವಾರದವರೆಗೆ ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ಭಾನುವಾರ ಬಯಲುಸೀಮೆಯ ಹೆದ್ದಾರಿಗೆ ಇಳಿಯುವವರಿಗೆ ಈ ರಕ್ಷಣೆ ಇರುವುದಿಲ್ಲ.

ಹಿಂದಿನಿಂದ ಬೀಸುವ ಗಾಳಿಯೂ ಮೋಸಗಾರನೇ. ಅದು ಸವಾರನನ್ನು ತಳ್ಳುತ್ತದೆ, ವೇಗ ಹೆಚ್ಚುತ್ತದೆ, ಖುಷಿಯಾಗುತ್ತದೆ. ಆದರೆ ಗಾಳಿಯೂ ಸವಾರನೂ ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಸಾಗಿದರೆ ಮೈಗೆ ಗಾಳಿಯೇ ತಾಗದು. ಏರುದಾರಿಯಲ್ಲೂ ಅಷ್ಟೆ. ಶ್ರಮ ದುಪ್ಪಟ್ಟು, ವೇಗ ಗಂಟೆಗೆ ಎಂಟು ಕಿಲೋಮೀಟರ್, ಗಾಳಿ ಇಲ್ಲವೇ ಇಲ್ಲ. ಆದ್ದರಿಂದ ಮಧ್ಯಾಹ್ನದ ಏರುದಾರಿಯೊಂದು ಎದುರಿಗಿದ್ದರೆ ನಿಲ್ಲಬೇಕಾದದ್ದು ಅದರ ಬುಡದಲ್ಲಿ.

ನೀರು ಕುಡಿದರೆ ಸಾಕೇ?

'ಬೇಕಾದಷ್ಟು ನೀರು ಕುಡಿಯುತ್ತಿದ್ದೇನೆ, ನನಗೇನೂ ಆಗದು' ಎನ್ನುವವರು ಬಹಳ. ಲೆಕ್ಕ ಹಾಕಿ ನೋಡಿದರೆ ಈ ಧೈರ್ಯ ನಿಲ್ಲುವುದಿಲ್ಲ. ಸುಡುಬಿಸಿಲಿನ ಸವಾರಿಯಲ್ಲಿ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಬೆವರು ಹೋಗುವುದು ಸಾಮಾನ್ಯ. ಹೊಟ್ಟೆ ಮತ್ತು ಕರುಳು ಗಂಟೆಗೆ ಹೀರಿಕೊಳ್ಳಬಲ್ಲ ನೀರು ಹೆಚ್ಚೆಂದರೆ ಒಂದು ಲೀಟರ್‌ನ ಆಸುಪಾಸು. ಉಳಿದದ್ದು ಹೊಟ್ಟೆಯಲ್ಲಿ ಕುಲುಕುತ್ತದೆ, ಓಕರಿಕೆ ತರಿಸುತ್ತದೆ. ಅಂದರೆ ಎಷ್ಟೇ ಜಾಗರೂಕತೆಯಿಂದ ಕುಡಿದರೂ ನಾಲ್ಕು ತಾಸಿನಲ್ಲಿ ಒಂದೆರಡು ಲೀಟರ್ ಸಾಲ ಬೀಳುವ ಸಂಭವವಿದೆ. ಈ ಸಾಲ ತೀರುವುದು ನೆರಳಿನಲ್ಲಿ ಕುಳಿತು, ಬೆವರು ನಿಂತಾಗ ಮಾತ್ರ.

ದೇಹದ ತೂಕದಲ್ಲಿ ಶೇ. 2ರಷ್ಟು ನೀರು ಕಳೆದರೆ ಸಾಮರ್ಥ್ಯ ಕುಗ್ಗತೊಡಗುತ್ತದೆ. 70 ಕಿಲೋ ತೂಕದವರಿಗೆ ಅದು 1.4 ಲೀಟರ್. ನೀರು ಕಡಿಮೆಯಾದಂತೆ ರಕ್ತದ ಪ್ರಮಾಣ ಇಳಿಯುತ್ತದೆ. ಇರುವ ರಕ್ತವನ್ನು ಸ್ನಾಯುಗಳಿಗೂ ಕಳುಹಿಸಬೇಕು, ತಂಪಾಗಲು ಚರ್ಮಕ್ಕೂ ಕಳುಹಿಸಬೇಕು. ಹೃದಯ ಹೆಚ್ಚು ಬಾರಿ ಬಡಿದು ಇದನ್ನು ಸರಿದೂಗಿಸುತ್ತದೆ. ಬೆಳಿಗ್ಗೆ ನಿಮಿಷಕ್ಕೆ 130 ಬಡಿತದಲ್ಲಿ ಸಾಗಿದ ವೇಗಕ್ಕೇ ಮಧ್ಯಾಹ್ನ 155 ಬಡಿತ ಬೇಕಾಯಿತೆಂದರೆ, ಮೈ ಸಾಲದಲ್ಲಿದೆ ಎಂದೇ ಅರ್ಥ. ಎದೆಬಡಿತ ತೋರಿಸುವ ಗಡಿಯಾರ ಕಟ್ಟಿಕೊಂಡವರಿಗೆ ನಂಬಬಹುದಾದ ಸೂಚನೆಗಳಲ್ಲಿ ಇದು ಒಂದು.

ಬರೀ ನೀರನ್ನೇ ಮಿತಿಮೀರಿ ಕುಡಿಯುವುದೂ ಅಪಾಯಕರ. ಬೆವರಿನೊಂದಿಗೆ ಹೋದ ಉಪ್ಪು ಮರಳಿ ಬಾರದೆ ರಕ್ತದ ಸೋಡಿಯಂ ಅಂಶ ಕುಸಿದರೆ ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳುತ್ತವೆ. ಅತಿಯಾದರೆ ಫಿಟ್ಸ್ ಬರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಅದರೊಂದಿಗೆ ಉಪ್ಪು ಸೇರಿದ ಏನನ್ನಾದರೂ ತಿನ್ನುವುದು ಒಳ್ಳೆಯದು. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಷರಬತ್ತು ನಮ್ಮ ದಾರಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಎಲ್ಲಕ್ಕಿಂತ ಖಚಿತ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಹಾಗೂ ಇತರ ಲವಣಗಳು ಅದರಲ್ಲಿರುತ್ತವೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಬೇಕು.

ಮೊದಲು ಮಂಕಾಗುವುದು ವಿವೇಕ

ಶಾಖದ ಹೊಡೆತಕ್ಕೆ ಸಿಕ್ಕ ಮಿದುಳು ತನ್ನ ಸ್ಥಿತಿಯನ್ನು ತಾನೇ ಅಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕುಡಿದು ಅಮಲೇರಿದವನಿಗೆ ತಾನು ಸರಿಯಾಗಿಯೇ ಇದ್ದೇನೆ ಅನಿಸುವಂತೆ ಇದು. ದಾರಿಯ ಖರ್ಚು ಈಗಾಗಲೇ ಆಗಿದೆ, ಮನೆಯವರಿಗೆ ಹೇಳಿಯಾಗಿದೆ, ಗುಂಪಿನಲ್ಲಿ ಹಿಂದೆ ಬಿದ್ದರೆ ಅವಮಾನ ಎಂಬ ಯೋಚನೆಗಳೂ ಇದರ ಜತೆ ಸೇರುತ್ತವೆ. ಆಗ ಹುಟ್ಟುವ ಮಾತೇ 'ಇನ್ನು ಸ್ವಲ್ಪ ದೂರ ಅಷ್ಟೇ'.

ಈ ವಿಷಯದಲ್ಲಿ ಸೈಕಲ್ ಲೋಕ ಇಂದಿಗೂ ನೆನೆಯುವ ದುರಂತವೊಂದಿದೆ. 1967ರ ಜುಲೈ 13ರಂದು ಫ್ರಾನ್ಸ್‌ನ ಮಾಂ ವೆಂಟೂ ಪರ್ವತವನ್ನು ಟೂರ್ ಡಿ ಫ್ರಾನ್ಸ್ ಸ್ಪರ್ಧಿಗಳು ಏರುತ್ತಿದ್ದರು. 1,900 ಮೀಟರ್ ಮೀರಿದ ಎತ್ತರ, ಮೇಲ್ಭಾಗದಲ್ಲಿ ಮರವೇ ಇಲ್ಲದ ಬೋಳು ಕಲ್ಲು, ಉರಿಬಿಸಿಲು. ಬ್ರಿಟನ್ನಿನ ಟಾಮ್ ಸಿಂಪ್ಸನ್ 1965ರ ವಿಶ್ವ ಚಾಂಪಿಯನ್, ವಯಸ್ಸು 29. ಕೆಲವು ದಿನಗಳಿಂದ ಹೊಟ್ಟೆ ಕೆಟ್ಟು ಆತ ಬಳಲಿದ್ದ. ಶಿಖರ ಹತ್ತಿರವಾಗುತ್ತಿದ್ದಂತೆ ರಸ್ತೆಯಲ್ಲಿ ಅಡ್ಡಾದಿಡ್ಡಿ ಚಲಿಸಿ ಕೆಳಗೆ ಬಿದ್ದ. ತಂಡದವರು ಇಲ್ಲಿಗೆ ಸಾಕೆಂದರೂ ಆತ ಒಪ್ಪಲಿಲ್ಲ. ಅವನನ್ನು ಮತ್ತೆ ಸೈಕಲ್ ಮೇಲೆ ಕೂರಿಸಲಾಯಿತು. ಸ್ವಲ್ಪ ದೂರ ಹೋಗಿ ಮತ್ತೆ ಬಿದ್ದ. ಆ ಬಳಿಕ ಏಳಲಿಲ್ಲ.

ಮರಣೋತ್ತರ ಪರೀಕ್ಷೆಯಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಹಾಗೂ ಮದ್ಯದ ಅಂಶ ಪತ್ತೆಯಾಯಿತು. ಆಂಫೆಟಮಿನ್ ಮಾಡುವ ಕೆಲಸವೇ ದಣಿವಿನ ಅರಿವನ್ನು ಮರೆಮಾಚುವುದು. ನಿಲ್ಲು ಎಂದು ಮೈ ಕೂಗುವ ದನಿಯನ್ನು ಅದು ಅಡಗಿಸಿತ್ತು. ಆ ಕಾಲದ ಸ್ಪರ್ಧೆಗಳಲ್ಲಿ ಸವಾರರು ಪಡೆಯಬಹುದಾದ ನೀರಿಗೂ ಕಟ್ಟುಪಾಡು ಇತ್ತು. ಶಿಖರಕ್ಕೆ ಸುಮಾರು ಒಂದು ಕಿಲೋಮೀಟರ್ ಕೆಳಗೆ, ಆತ ಕುಸಿದ ಜಾಗದಲ್ಲಿ ಸ್ಮಾರಕ ಶಿಲೆಯೊಂದಿದೆ. ಆ ಮಧ್ಯಾಹ್ನ ಅವನಿಗೂ ಅದು 'ಇನ್ನು ಸ್ವಲ್ಪ ದೂರ'ವೇ ಆಗಿದ್ದಿರಬೇಕು.

ಭಾನುವಾರದ ಹವ್ಯಾಸಿ ಸವಾರರು ಮಾದಕ ವಸ್ತು ಸೇವಿಸುವುದಿಲ್ಲ, ನಿಜ. ಆದರೆ ಗಡುವು, ಹಟ, ಗೆಳೆಯರೆದುರಿನ ಮರ್ಯಾದೆ ಇವುಗಳೂ ಮೈಯ ದನಿ ಕೇಳಿಸದಂತೆ ಮಾಡಬಲ್ಲವು. ಬೆಂಗಳೂರೂ ಸೇರಿದಂತೆ ದೇಶದ ಹಲವು ನಗರಗಳಲ್ಲಿ ನಡೆಯುವ ಬ್ರೆವೆ ಎಂಬ ದೂರ ಸವಾರಿಗಳನ್ನೇ ನೋಡಬಹುದು. ಇದು ಓಟದ ಸ್ಪರ್ಧೆಯಲ್ಲ. ಮೊದಲು ಬಂದವರಿಗೆ ಬಹುಮಾನವಿಲ್ಲ. ಆದರೂ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಎಂಬ ಗಡುವುಗಳಿವೆ. ನಡುವಿನ ತಪಾಸಣಾ ಸ್ಥಳಗಳಿಗೂ ಸಮಯ ನಿಗದಿಯಾಗಿರುತ್ತದೆ. ಮಧ್ಯಾಹ್ನ ಮೂರು ತಾಸು ಮಲಗಿದರೆ ಗಡುವು ತಪ್ಪೀತು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಆದರೆ ಅನುಭವಸ್ಥರು ಈ ಲೆಕ್ಕವನ್ನೇ ತಿರುಗಿಸುತ್ತಾರೆ. ನಸುಕಿನಲ್ಲಿ ಹೆಚ್ಚು ದೂರ ಸಾಗಿ ಸಮಯ ಉಳಿಸಿಕೊಂಡು, ಅದನ್ನು ಮಧ್ಯಾಹ್ನದ ನೆರಳಿನಲ್ಲಿ ಖರ್ಚು ಮಾಡುತ್ತಾರೆ.

ಈ ಸೂಚನೆಗಳು ಕಂಡರೆ ನಿಲ್ಲಿ

* ಬಿಸಿಲಿನಲ್ಲಿ ಚಳಿಯ ಅನುಭವ, ಮೈ ಜುಮ್ಮೆಂದು ರೋಮ ನಿಲ್ಲುವುದು.

* ತಲೆನೋವು, ತಲೆಸುತ್ತು, ಓಕರಿಕೆ. ಹಸಿವಿದ್ದರೂ ತುತ್ತು ಗಂಟಲಲ್ಲಿ ಇಳಿಯದಿರುವುದು.

* ಮೂರು ನಾಲ್ಕು ತಾಸು ಮೂತ್ರ ಬಾರದಿರುವುದು, ಬಂದರೂ ಗಾಢ ಬಣ್ಣವಿರುವುದು.

* ವೇಗ ಇಳಿದರೂ ಎದೆಬಡಿತ ಇಳಿಯದಿರುವುದು. ನೆರಳಿನಲ್ಲಿ ಹತ್ತು ನಿಮಿಷ ಕುಳಿತ ಮೇಲೂ ಡವಡವ ಎನ್ನುತ್ತಿರುವುದು.

* ಮಾಂಸಖಂಡಗಳ ಸೆಳೆತ ಮರುಕಳಿಸುವುದು.

* ಕಾರಣವಿಲ್ಲದ ಸಿಡುಕು, ಮೌನ, ಸರಳ ಪ್ರಶ್ನೆಗೆ ತಪ್ಪು ಉತ್ತರ, ನೇರ ಗೆರೆಯಲ್ಲಿ ಸೈಕಲ್ ಸಾಗದಿರುವುದು.

ಇವುಗಳಲ್ಲಿ ಒಂದು ಕಂಡರೆ ನೆರಳು ಹುಡುಕಬೇಕು. ಎರಡು ಕಂಡರೆ ಆ ದಿನದ ಸವಾರಿ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಕೊನೆಯ ಸೂಚನೆ ಒಂದೇ ಕಂಡರೂ ಅದು ವೈದ್ಯಕೀಯ ತುರ್ತು. ಬಿಸಿಲಾಘಾತವಾದರೆ ಬೆವರು ನಿಂತು ಚರ್ಮ ಒಣಗಿರಲೇಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ದೈಹಿಕ ಶ್ರಮದಿಂದಾಗುವ ಬಿಸಿಲಾಘಾತದಲ್ಲಿ ಹಾಗಾಗಬೇಕೆಂದಿಲ್ಲ. ಧಾರಾಕಾರ ಬೆವರುತ್ತಿರುವಾಗಲೇ ಮೈಬಿಸಿ 40 ಡಿಗ್ರಿ ದಾಟಿರಬಹುದು. ಬೆವರಿಗಿಂತ ವ್ಯಕ್ತಿಯ ಮಾತು, ನಡವಳಿಕೆಯನ್ನು ಗಮನಿಸುವುದೇ ಸರಿ.

ಚೀಟಿಯಲ್ಲಿ ಬರೆದಿಟ್ಟ ನಿಯಮ

ದಾರಿಯಲ್ಲಿ ವಿವೇಕ ಕೈಕೊಡುತ್ತದೆ ಎಂದಾದರೆ, ಅದು ನೆಟ್ಟಗಿರುವಾಗಲೇ ನಿಯಮ ರೂಪಿಸಿಕೊಳ್ಳಬೇಕು. ಹಿಂದಿನ ರಾತ್ರಿ, ಫ್ಯಾನಿನ ಕೆಳಗೆ ಕುಳಿತು, ಒಂದು ಚೀಟಿಯಲ್ಲಿ ಬರೆದುಕೊಳ್ಳಬಹುದಾದ ಸಂಗತಿಗಳು ಇವು.

ಮೊದಲನೆಯದು ಗಡಿಯಾರ. ಹನ್ನೊಂದು ಗಂಟೆಗೆ ಎಲ್ಲಿದ್ದರೆ ಅಲ್ಲಿ ನಿಲ್ಲುವುದು, ನಾಲ್ಕರವರೆಗೆ ಮತ್ತೆ ಸೈಕಲ್ ಮುಟ್ಟದಿರುವುದು. ದಿನದ ಗರಿಷ್ಠ ಉಷ್ಣಾಂಶ ಬರುವುದು ಸೂರ್ಯ ನೆತ್ತಿಯ ಮೇಲಿರುವಾಗಲ್ಲ, ಎರಡೂವರೆ ಮೂರರ ಸುಮಾರಿಗೆ. ಹನ್ನೆರಡಕ್ಕೆ ತಡೆದುಕೊಂಡೆ, ಇನ್ನು ಇಳಿಮುಖ ಎಂದು ಭಾವಿಸುವುದು ತಪ್ಪು ಲೆಕ್ಕ.

ಎರಡನೆಯದು ನೀರು. ಕೊನೆಯ ಬಾಟಲಿ ಅರ್ಧಕ್ಕೆ ಇಳಿದಾಗ ಮುಂದಿನ ಊರು ಎಷ್ಟು ದೂರ ಎಂಬುದು ಖಚಿತವಿಲ್ಲದಿದ್ದರೆ ಮುಂದೆ ಹೋಗದಿರುವುದು. ಷಟ್ಪಥವಾದ ಹೆದ್ದಾರಿಗಳ ಬದಿಯಲ್ಲಿ ಸಾಲುಮರಗಳು ಉಳಿದಿಲ್ಲ. ಬೈಪಾಸುಗಳು ಊರುಗಳನ್ನು ಬದಿಗೆ ಸರಿಸಿವೆ. ಪೆಟ್ರೋಲ್ ಬಂಕ್, ಬಸ್ ತಂಗುದಾಣ, ಊರ ಬಾಗಿಲಿನ ಅರಳಿಕಟ್ಟೆ ಇವು ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಳ್ಳುವುದು ಲೇಸು.

ಮೂರನೆಯದು ಜತೆಗಾರ. ಗುಂಪಿನಲ್ಲಿ ಅತಿ ನಿಧಾನಿಯಾದವರು ನಿಲ್ಲೋಣ ಎಂದರೆ ಎಲ್ಲರೂ ನಿಲ್ಲುವುದು, ಏಕೆಂದು ಕೇಳದಿರುವುದು. ಒಬ್ಬರು ನಿಲ್ಲು ಎಂದಾಗ ಇನ್ನೊಬ್ಬರು ವಾದಿಸುವಂತಿಲ್ಲ ಎಂಬ ಒಪ್ಪಂದವನ್ನು ಹೊರಡುವ ಮುನ್ನವೇ ಮಾಡಿಕೊಳ್ಳಬೇಕು. ಪ್ರತಿ ತಾಸಿಗೊಮ್ಮೆ ಪರಸ್ಪರ ಒಂದು ಪ್ರಶ್ನೆ ಕೇಳಬೇಕು. ಮುಂದಿನ ಊರು ಯಾವುದು, ನೂರರಿಂದ ಏಳು ಕಳೆದರೆ ಎಷ್ಟು, ಇಷ್ಟು ಸಾಕು. ಒಬ್ಬರೇ ಹೋಗುವವರು ನಿಗದಿತ ಹೊತ್ತಿಗೆ ಮನೆಗೆ ಕರೆ ಮಾಡುವ ಏರ್ಪಾಡು ಇಟ್ಟುಕೊಳ್ಳಬೇಕು. ದನಿಯಲ್ಲಿನ ವ್ಯತ್ಯಾಸ ಮನೆಯವರಿಗೆ ಬೇಗ ಗೊತ್ತಾಗುತ್ತದೆ.

ನಾಲ್ಕನೆಯದು ಹಿಂದಿರುಗುವ ದಾರಿ. ಅರ್ಧದಲ್ಲಿ ನಿಂತರೆ ಮನೆ ಸೇರುವುದು ಹೇಗೆಂದು ತಿಳಿಯದವರು ನಿಲ್ಲಲು ಹಿಂಜರಿಯುತ್ತಾರೆ. ಲಗೇಜ್ ಆಟೊಗೋ ಮಿನಿ ಲಾರಿಗೋ ಕೊಡುವಷ್ಟು ಹಣವನ್ನು ಪ್ರತ್ಯೇಕ ಇಟ್ಟು, ಅದನ್ನು ಸವಾರಿಯ ಖರ್ಚೆಂದೇ ಬರೆದುಕೊಳ್ಳಬೇಕು. ಸೈಕಲ್ಲನ್ನು ನಂಬಿಕಸ್ಥರ ಅಂಗಡಿಯಲ್ಲಿ ಬಿಟ್ಟು ಬಸ್ಸಿನಲ್ಲಿ ಬಂದು, ಮರುದಿನ ತರಿಸಿಕೊಂಡರೂ ನಷ್ಟವಿಲ್ಲ.

ಇನ್ನು ಹೊರಡಲೇಬಾರದ ದಿನಗಳೂ ಇವೆ. ಜ್ವರ, ಭೇದಿ ಬಂದು ಹೋದ ವಾರ. ನಿದ್ದೆಗೆಟ್ಟ ಅಥವಾ ಮದ್ಯ ಸೇವಿಸಿದ ರಾತ್ರಿಯ ಮರುದಿನ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಔಷಧಿಗಳು, ಶೀತ ಅಲರ್ಜಿಯ ಕೆಲವು ಮಾತ್ರೆಗಳು ಬಿಸಿಲು ತಾಳುವ ಶಕ್ತಿಯನ್ನು ತಗ್ಗಿಸುತ್ತವೆ. ಅವನ್ನು ಸೇವಿಸುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಕುಸಿದರೆ ಏನು ಮಾಡಬೇಕು?

ಸವಾರನ ಮಾತು ತೊದಲಿದರೆ, ಗೊಂದಲ ಕಂಡರೆ ಅಥವಾ ಪ್ರಜ್ಞೆ ತಪ್ಪಿದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕೂರಬಾರದು. ಮೊದಲು ತಂಪು, ಆಮೇಲೆ ಸಾಗಣೆ ಎಂಬುದು ಈ ಚಿಕಿತ್ಸೆಯ ಮೂಲ ತತ್ವ. ಅರ್ಧ ಗಂಟೆಯೊಳಗೆ ಮೈಬಿಸಿ ಇಳಿದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ನೆರಳಿಗೆ ಒಯ್ದು, ಹೆಲ್ಮೆಟ್ ತೆಗೆದು, ಬಟ್ಟೆ ಸಡಿಲಿಸಬೇಕು. ಹತ್ತಿರದಲ್ಲಿ ತೊಟ್ಟಿ ಅಥವಾ ಕೊಳವೆಬಾವಿಯ ಪಂಪ್ ಇದ್ದರೆ ಮೈಮೇಲೆ ಧಾರಾಳವಾಗಿ ನೀರು ಸುರಿದು, ರಟ್ಟು ಅಥವಾ ಟವೆಲ್‌ನಿಂದ ಬಿಡದೆ ಗಾಳಿ ಹಾಕಬೇಕು. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಇಡಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡದು, ಏಕೆಂದರೆ ಇದು ಜ್ವರವಲ್ಲ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ತೋರಿಸಲೇಬೇಕು. ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು ಒಂದೆರಡು ದಿನ ಕಳೆದ ಮೇಲೆ ಕಾಣಿಸಿಕೊಳ್ಳುವುದುಂಟು.

ಮೋಟಾರ್ ಬೈಕಿನಲ್ಲಿ ಬೇಸಿಗೆಯ ಪ್ರವಾಸ ಹೊರಡುವವರೂ ಇದರಿಂದ ಹೊರತಲ್ಲ. ಅವರ ಮೈ ಹೆಚ್ಚು ಶಾಖ ಉತ್ಪಾದಿಸುವುದಿಲ್ಲ, ಆದರೆ 40 ಡಿಗ್ರಿಯ ಗಾಳಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಡಿಯುವಾಗ ಮೈಯ ನೀರು ಅರಿವಿಲ್ಲದೆ ಆರಿ ಹೋಗುತ್ತದೆ. ದಣಿವಿನ ಸುಳಿವೂ ಸಿಗುವುದಿಲ್ಲ. ಸೈಕಲ್ ಸವಾರನಿಗೆ ತಲೆಸುತ್ತಿದರೆ ಪಕ್ಕಕ್ಕೆ ವಾಲಿಕೊಳ್ಳುವಷ್ಟು ಅವಕಾಶವಾದರೂ ಇದೆ. ಆ ವೇಗದಲ್ಲಿ ಅದೂ ಇಲ್ಲ.

ಅದೇ ದಾರಿ, ಮರುವರ್ಷ

ಮರುವರ್ಷದ ಬೇಸಿಗೆಯಲ್ಲಿ ನಾವಿಬ್ಬರು ಅದೇ ದಾರಿಯಲ್ಲಿ ಮತ್ತೆ ಹೊರಟೆವು. ಈ ಬಾರಿ ನಸುಕಿನ ನಾಲ್ಕಕ್ಕೇ ಬೆಂಗಳೂರು ಬಿಟ್ಟಿದ್ದೆವು. ಎರಡೂ ಸೈಕಲ್‌ಗಳ ಹ್ಯಾಂಡಲಿಗೆ ಒಂದೊಂದು ಚೀಟಿ ಅಂಟಿಸಿಕೊಂಡಿದ್ದೆವು. ಅದರಲ್ಲಿದ್ದದ್ದು ಒಂದೇ ಸಾಲು: 'ಹನ್ನೊಂದಕ್ಕೆ ನಿಲ್ಲುವುದು, ವಾದವಿಲ್ಲ'. ಶಿರಾ ತಲುಪಿದಾಗ ಹತ್ತೂಮುಕ್ಕಾಲು. ಮೈಯಲ್ಲಿ ಹುಮ್ಮಸ್ಸಿತ್ತು, ಗಾಳಿಯೂ ಬೆನ್ನಿಗಿತ್ತು. ಹಿರಿಯೂರು 40 ಕಿ.ಮೀ., ಎರಡು ತಾಸಿನ ಮಾತು. ಈ ಸಲ ಮುಂದೆ ಹೋಗೋಣ ಎನ್ನಿಸಿದ್ದು ನನಗೆ. ಗೆಳೆಯ ಮಾತಾಡದೆ ಚೀಟಿಯ ಮೇಲೆ ಬೆರಳಿಟ್ಟ.

ಮಧ್ಯಾಹ್ನವಿಡೀ ಊರೊಳಗಿನ ಒಂದು ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಮಲಗಿ, ನಾಲ್ಕೂವರೆಗೆ ಮತ್ತೆ ಹೊರಟೆವು. ಆ ಎಳನೀರಿನ ಚಪ್ಪರ ತಲುಪಿದಾಗ ಬಿಸಿಲು ಇಳಿದಿತ್ತು. ಹಿರಿಯರು ನಮ್ಮನ್ನು ಗುರುತಿಸಲಿಲ್ಲ. ಹಿಂದಿನ ವರ್ಷದ ಕಥೆ ಹೇಳಿದ ಮೇಲೆ ಗೆಳೆಯನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಎರಡು ಎಳನೀರು ಕೊಚ್ಚಿ ಕೈಗಿತ್ತರು. ಆ ದಿನ ನಾವು ಹಿರಿಯೂರಿಗೇ ಸವಾರಿ ಮುಗಿಸಿ, ಅಲ್ಲಿಯೇ ತಂಗಿದೆವು. ಚಿತ್ರದುರ್ಗದ ಕೋಟೆಯನ್ನು ಕಂಡದ್ದು ಮರುದಿನ ಬೆಳಿಗ್ಗೆ ಎಂಟು ಗಂಟೆಗೆ.